ಹನೋಯ್‌ಗೆ ಹತ್ತು ರೀಲು

ಸೂಲಿಬೆಲೆ

ನನ್ನ ಪಾಸ್‌ಪೋರ್ಟಿನ ಮೇಲೆ ಅರಿಶಿನ ಕುಂಕುಮ ಇದೆ. ಇಟ್ಟವಳು ನನ್ನ ಹೆಂಡತಿ ರತ್ನಮ್ಮ. ಆಯುಧಪೂಜೆ ಕಳೆದ ಮೂರನೇ ದಿನಕ್ಕೆ ನಾವು ವಿಯೆಟ್ನಾಂಗೆ ಹೊರಡಬೇಕಿತ್ತು, ಕೊಂಡೊಯ್ಯುವ ಸಾಮಾನೆಲ್ಲ ಹಜಾರದಲ್ಲಿ ಜೋಡಿಸಿಟ್ಟಿದ್ದೆವು. ನಮ್ಮ ಕಡೆ ಆವತ್ತು ಟ್ರ್ಯಾಕ್ಟರು, ಹಾಲಿನ ಕ್ಯಾನು, ಮೇವು ಕತ್ತರಿಸುವ ಯಂತ್ರ, ಅಂಗಡಿಯ ತಕ್ಕಡಿ ಯಾವುದನ್ನೂ ಬಿಡದೆ ಪೂಜೆ ಮಾಡುತ್ತಾರೆ. ಹೀಗಿರುವಾಗ ದೇಶ ದಾಟಿಸುವ ಪುಸ್ತಕವನ್ನು ಬಿಡುವುದುಂಟೇ ಎಂಬುದು ಅವಳ ವಾದ. ಹನೋಯ್‌ನಲ್ಲಿ ಠಸ್ಸೆ ಹಾಕುವ ಅಧಿಕಾರಿ ಅದನ್ನು ಹೆಬ್ಬೆರಳಲ್ಲಿ ಒರೆಸಿದ, ಬೆರಳನ್ನು ಮೂಸಿ ನೋಡಿದ, ಆಮೇಲೆ ನಮ್ಮಿಬ್ಬರ ಮುಖ ನೋಡಿ ಠಸ್ಸೆ ಹೊಡೆದ.

ನಾನು ಸೂಲಿಬೆಲೆಯಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಹೆಸರು ಮುನಿರಾಜು, ಊರವರ ಬಾಯಲ್ಲಿ ಫೋಟೋ ಮುನಿರಾಜಣ್ಣ. ಮೊದಲು ಕಪ್ಪುಬಿಳುಪು ತೆಗೆದೆ, ಆಮೇಲೆ ಕಲರು, ಆಮೇಲೆ ಡಿಜಿಟಲ್ಲು. ಇನ್ನು ಸಾಕು, ಬಾಗಿಲು ಹಾಕೋಣ ಅನ್ನುವಷ್ಟರಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ಭಾನುವಾರ ಭಾನುವಾರ ಬರತೊಡಗಿದರು. ಅಂಕಲ್, ಡಾರ್ಕ್‌ರೂಮ್ ತೋರಿಸಿ ಅನ್ನುತ್ತಾರೆ. ಎದೆಯುದ್ದ ಗಡ್ಡ ಬಿಟ್ಟವರು ಕೆಂಪು ದೀಪದ ಕೆಳಗೆ, ತಟ್ಟೆಯಲ್ಲಿ ತೇಲುವ ಕಾಗದದ ಮೇಲೆ ಚಿತ್ರ ಮೂಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅವರ ದೆಸೆಯಿಂದ ನನಗೂ ಹಳೇ ಹುಚ್ಚು ಕೆದರಿತು. ನೂರಡಿ ಉದ್ದದ ಕಪ್ಪುಬಿಳುಪು ಫಿಲಂ ಸುರುಳಿ ಎರಡು ತರಿಸಿ, ಕತ್ತಲಲ್ಲಿ ಕತ್ತರಿಸಿ, ಹಳೇ ರೀಲು ಡಬ್ಬಿಗಳಿಗೆ ತುಂಬಿಕೊಂಡೆ.

ಒಂದು ಸುರುಳಿ ನೂರರದು, ಇನ್ನೊಂದು ನಾನೂರರದು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಫಿಲಮ್ಮಿಗೆ ವೇಗ ಅಂತ ಒಂದಿರುತ್ತದೆ. ನೂರು ನಿಧಾನಸ್ಥ. ಅದಕ್ಕೆ ಒಳ್ಳೇ ಬೆಳಕು ಬೇಕು, ಕೊಟ್ಟರೆ ಮುಖದ ಒಂದೊಂದು ಗೆರೆಯನ್ನೂ ನುಣ್ಣಗೆ ತೋರಿಸುತ್ತದೆ. ನಾನೂರು ಚುರುಕು. ಹಜಾರದ ಮಬ್ಬಿನಲ್ಲೂ ಕೆಲಸ ಮಾಡುತ್ತದೆ, ಚಿತ್ರ ಮಾತ್ರ ಸ್ವಲ್ಪ ಒರಟು. ಹೊಸಕೋಟೆಯಲ್ಲಿ ನನಗೆ ಕೆಲಸ ಕಲಿಸಿದ ಅಮೀರ್ ಸಾಬರು, ನೂರು ಅಂದರೆ ಜರಡಿ ಹಿಡಿದ ರಾಗಿ ಹಿಟ್ಟು, ನಾನೂರು ಅಂದರೆ ತರಿ ಎಂದು ಹೇಳಿಕೊಡುತ್ತಿದ್ದರು. ಒಳಗೆ ಯಾವುದಿದೆಯೋ ಅದಕ್ಕೆ ತಕ್ಕಂತೆ ಕ್ಯಾಮೆರಾದ ಗುಂಡಿ ತಿರುಗಿಸಬೇಕು. ನೂರರ ಫಿಲಂ ಹಾಕಿಕೊಂಡು ಗುಂಡಿಯನ್ನು ನಾನೂರರಲ್ಲಿಟ್ಟರೆ ಫಿಲಮ್ಮಿಗೆ ಬೇಕಾದ ಬೆಳಕಿನಲ್ಲಿ ಕಾಲು ಭಾಗ ಸಿಗುತ್ತದೆ, ಅಷ್ಟೆ.

ಹೀಗೆ ಕೈಯಲ್ಲಿ ತುಂಬಿದ ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ. ಅದಕ್ಕೆ ಸಾಬರದೇ ಒಂದು ಪದ್ಧತಿ. ಡಬ್ಬಿಗೆ ಗಾಯಕ್ಕೆ ಹಾಕುವ ಬಟ್ಟೆಯ ಪ್ಲಾಸ್ಟರ್ ಸುತ್ತಿ, ನೂರಾದರೆ ಅರಿಶಿನದ ಬೊಟ್ಟು, ನಾನೂರಾದರೆ ಕುಂಕುಮದ ಬೊಟ್ಟು. ಪೆನ್ನಿನ ಮಸಿ ಬೆವರಿಗೆ ಅಳಿಸಿಹೋಗುತ್ತದೆ. ಒದ್ದೆ ಅರಿಶಿನವನ್ನು ಬಟ್ಟೆ ಹೀರಿಕೊಂಡರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಎರಡೂ ಪಕ್ಕದ ದಿನಸಿ ಅಂಗಡಿಯಲ್ಲೇ ಸಿಗುತ್ತಿದ್ದವು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಮಗಳು ಲತಾ ನಮ್ಮಿಬ್ಬರ ಹೆಸರನ್ನು ಹೊಸಕೋಟೆಯ ಒಂದು ಪ್ರವಾಸದ ತಂಡಕ್ಕೆ ಸೇರಿಸಿದಾಗ ನನಗೆ ದೇಶ ನೋಡುವ ಆಸೆಗಿಂತ ದೊಡ್ಡದೊಂದು ಆಸೆ ಹುಟ್ಟಿತು. ರತ್ನಳ ಒಂದು ಫೋಟೋ ತೆಗೆಯಬೇಕು. ಸುತ್ತಿನ ಹಳ್ಳಿಗಳಲ್ಲಿ ನನ್ನ ಕ್ಯಾಮೆರಾ ಮುಂದೆ ನಿಲ್ಲದ ಹೆಂಗಸಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಮೂವತ್ತೊಂದು ವರ್ಷದಿಂದ ಹೀಗೆ. ಕ್ಯಾಮೆರಾ ಎತ್ತಿದರೆ ಬಾಗಿಲ ಹಿಂದೆ ಹೋಗುತ್ತಾಳೆ. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಹುಡುಕಿ ಹುಡುಕಿ ಅವಳ ಒಂದು ಮೊಣಕೈ ಸಿಕ್ಕಿದೆ. ಸರ್ಕಾರದ ಕೆಲಸಕ್ಕೆ ಬೇಕೇ ಬೇಕು ಅಂದಾಗ ಮಾತ್ರ ಬೇರೆಯವರ ಅಂಗಡಿಗೆ ಹೋಗಿ ಒಬ್ಬಳೇ ಕೂತು ತೆಗೆಸಿಕೊಂಡು ಬಂದಳು.

ಕಾರಣ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಮದುವೆಯಾದ ಎರಡನೇ ವರ್ಷ, ಅವಳ ತವರು ಸಮೇತನಹಳ್ಳಿಯಲ್ಲಿ, ನಮ್ಮ ಮಾವನವರ ಫೋಟೋ ತೆಗೆದೆ. ಮಧ್ಯಾಹ್ನದ ಬಿಸಿಲಲ್ಲಿ ಗಂಡುಮಕ್ಕಳ ಜೊತೆ ಮೂರು ನಾಲ್ಕು. ಕೊನೆಗೆ ಹೊತ್ತು ಮುಳುಗುವಾಗ ಜಗಲಿಯ ಮೇಲೆ ರತ್ನಳ ಜೊತೆ ಒಂದು. ಒಳಗಿದ್ದದ್ದು ನೂರು, ಗುಂಡಿ ಇದ್ದದ್ದು ನಾನೂರರಲ್ಲಿ. ಬಿಸಿಲಿನವು ಮಂಕಾಗಿಯಾದರೂ ಬಂದವು, ಜಗಲಿಯದು ಬರಲೇ ಇಲ್ಲ. ಮಾವನವರು ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ತಿಥಿಗೆ ಸೇರಿದವರೆಲ್ಲ ಆ ಫೋಟೋ ಎಲ್ಲಿ ಎಂದು ಕೇಳಿದಾಗ ನಾನು, ಫಿಲಂ ಚೆನ್ನಾಗೇ ಇತ್ತು, ಕ್ಯಾಮೆರಾನೂ ಸರಿಯಾಗಿತ್ತು, ಅದೊಂದು ಮಾತ್ರ ಯಾಕೋ ಬರಲಿಲ್ಲ ಅಂದುಬಿಟ್ಟೆ. ಆಗಷ್ಟೇ ಸ್ಟುಡಿಯೋ ತೆಗೆದಿದ್ದೆ. ಫೋಟೋದವನಿಗೆ ಗುಂಡಿ ತಿರುಗಿಸಲು ಬರುವುದಿಲ್ಲ ಎಂದು ಹಬ್ಬಿದರೆ ಯಾರು ಬಂದಾರು? ರತ್ನಳಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ, ಮಾಡಿದ್ದುಣ್ಣೋ ಮಹರಾಯ ಎಂದು ನಾನೂ ಸುಮ್ಮನಿದ್ದೆ. ಹೊರದೇಶದಲ್ಲಾದರೂ ಮನಸ್ಸು ಸಡಿಲ ಮಾಡಿಯಾಳು ಎಂದು ಐದು ರೀಲು ನೂರು, ಐದು ರೀಲು ನಾನೂರು ಎತ್ತಿಟ್ಟುಕೊಂಡೆ.

ದೇವನಹಳ್ಳಿ

ವಿಮಾನಗಳು ನಮ್ಮೂರ ಮೇಲೇ ಹಾರುತ್ತವೆ. ಇಷ್ಟು ವರ್ಷ ಅವುಗಳ ಹೊಟ್ಟೆ ನೋಡಿಕೊಂಡೇ ಬದುಕಿದವರು ನಾವು, ಒಳಗೆ ಕೂರಲು ಹೊರಟದ್ದು ಇದೇ ಮೊದಲು. ದೇವನಹಳ್ಳಿ ದಾಟುವಾಗ ರತ್ನ ಬಸ್ಸಿನ ಕಿಟಕಿಯಿಂದ ಒಂದು ಚಕ್ಕೋತದ ಗಿಡ ನೋಡಿ, ಅಲ್ಲಿ ಚಕ್ಕೋತ ಸಿಗುತ್ತಾ ಎಂದು ಕೇಳಿದಳು. ಸಿಗುತ್ತದೆ, ಮತ್ತು ಅಲ್ಲಿನವರು ಅದನ್ನು ಉಪ್ಪು ಖಾರ ಹಚ್ಚಿಕೊಂಡೇ ತಿನ್ನುತ್ತಾರೆ. ಇದು ಆಮೇಲೆ ತಿಳಿದದ್ದು.

ತಪಾಸಣೆಯ ಯಂತ್ರದೊಳಗೆ ಫಿಲಂ ಹೋದರೆ ಮಂಜು ಕವಿದ ಹಾಗೆ ಹಾಳಾಗುತ್ತದೆ ಎಂದು ಭಾನುವಾರದ ಹುಡುಗರು ಹೆದರಿಸಿದ್ದರು. ಅದಕ್ಕೆ ಹತ್ತೂ ಡಬ್ಬಿಗಳನ್ನು ಒಂದು ಪಾರದರ್ಶಕ ಕವರಿನಲ್ಲಿ ಹಾಕಿ, ಕೈಯಲ್ಲೇ ನೋಡಿ ತಾಯಿ ಎಂದು ಅಲ್ಲಿದ್ದ ಹುಡುಗಿಗೆ ಕೈ ಮುಗಿದೆ. ಸಮವಸ್ತ್ರ ಗಡುಸಾಗಿತ್ತು, ಹುಡುಗಿ ಮೆತ್ತಗಿದ್ದಳು. ಫಿಲಂ ಎಂಬುದನ್ನು ಅವಳು ಹುಟ್ಟಿದ ಮೇಲೆ ನೋಡಿದ್ದಿಲ್ಲವಂತೆ. ಒಂದೊಂದನ್ನೂ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ನೋಡಿ ಚಪ್ಪಲಿ ಕಳಚಬೇಕೇನೋ ಎಂಬಂತೆ ನಿಂತಳು. ಇದು ಯಾವ ದೇವರು ಎಂದು ಕೇಳಿದಳು. ಪರೀಕ್ಷೆಯ ಬಿಳೀ ಬಟ್ಟೆಯಿಂದ ಒರೆಸಿದರೆ ಬಟ್ಟೆ ಹಳದಿಯಾಯಿತು. ಅವಳು ಮೇಲಿನವರನ್ನು ಕರೆದಳು, ಅವರು ಇನ್ನೊಬ್ಬರನ್ನು ಕರೆದರು. ನಮ್ಮ ತಂಡದ ಇಪ್ಪತ್ತು ಜನ ಆಚೆ ನಿಂತು, ಫೋಟೋ ಮುನಿರಾಜಣ್ಣ ಏನೋ ಸಾಗಿಸುವಾಗ ಸಿಕ್ಕಿಬಿದ್ದ ಎಂದು ನಗುತ್ತಿದ್ದರು.

ಆಗ ನಾನೂ ಬಗ್ಗಿ ನೋಡಿದೆ. ಎಲ್ಲಾ ಡಬ್ಬಿಯ ಮೇಲೂ ಎರಡೂ ಬೊಟ್ಟು! ಅರಿಶಿನದ ಪಕ್ಕ ಕುಂಕುಮ, ಕುಂಕುಮದ ಪಕ್ಕ ಅರಿಶಿನ. ಹತ್ತಕ್ಕೆ ಹತ್ತೂ ಮದುವೆ ಹೆಣ್ಣಿನ ಹಾಗೆ ಅಲಂಕಾರ ಮಾಡಿಕೊಂಡು ಕೂತಿದ್ದವು.

ಕೆಲಸವೆಲ್ಲ ಮುಗಿದು ಕೂತ ಮೇಲೆ ರತ್ನಳನ್ನು ಕೇಳಿದೆ. ಸ್ಟುಡಿಯೋದ ಪೂಜೆ ಯಾವತ್ತೂ ನನ್ನದೇ. ಅವಳು ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಈ ಸಲ ಡಬ್ಬಿಗಳು ಮನೆಗೆ ಬಂದಿದ್ದವಲ್ಲ, ಅದೇ ಎಡವಟ್ಟಾಯಿತು.

"ಕೆಲವಕ್ಕೆ ಬರೀ ಅರಿಶಿನ ಇಟ್ಟಿದ್ರಿ, ಕೆಲವಕ್ಕೆ ಬರೀ ಕುಂಕುಮ," ಅಂದಳು. "ಗಂಡಸರ ಪೂಜೆ, ಅರ್ಧಂಬರ್ಧ ಮಾಡಿ ಬಿಟ್ಟವ್ರೆ ಅಂತ ನಾನೇ ಪೂರ್ತಿ ಮಾಡ್ದೆ."

ಹೇಳಿದ ರೀತಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವುದೇ ಒಂದು ವಿದ್ಯೆ. ಸ್ಕೂಟರುಗಳು ಕೆರೆ ಕೋಡಿ ಬಿದ್ದ ಹಾಗೆ ಬರುತ್ತವೆ, ಒಂದು ಕ್ಷಣವೂ ನಿಲ್ಲುವುದಿಲ್ಲ. ನಮ್ಮನ್ನು ಕರೆದೊಯ್ದ ಹರೀಶ, ನಿಲ್ಲಬೇಡಿ, ಓಡಬೇಡಿ, ಒಂದೇ ಸಮ ನಡೀರಿ, ಅವರೇ ಬಳಸಿಕೊಂಡು ಹೋಗ್ತಾರೆ ಎಂದು ಪಾಠ ಮಾಡಿದ. ರತ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂತೆಯ ದನಗಳ ಮಧ್ಯೆ ನಡೆದ ಹಾಗೆ ಆಚೆ ದಡ ಸೇರಿದಳು. ನಾನು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಮಾಡುತ್ತಾ ಹತ್ತು ನಿಮಿಷ ಈಚೆಯೇ ಇದ್ದೆ. ಕಡೆಗೆ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ರಟ್ಟೆ ಹಿಡಿದು ದಾಟಿಸಿ, ಬೆನ್ನು ತಟ್ಟಿ ಹೋದಳು.

ಅಲ್ಲಿನವರು ಫುಟ್‌ಪಾತಿನ ಮೇಲೆ ನಮ್ಮ ಬಚ್ಚಲ ಮಣೆಗಿಂತ ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ದೊಡ್ಡ ದೊಡ್ಡ ಆಫೀಸರರೂ ಅದರ ಮೇಲೇ. ಕಾಫಿ ತಗಡಿನ ಸಣ್ಣ ಜರಡಿಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಅಷ್ಟರಲ್ಲಿ ನಮ್ಮಲ್ಲಿ ಎರಡು ಸಲ ಕುಡಿದು ಲೋಟ ತೊಳೆದಿಟ್ಟಿರುತ್ತಿದ್ದೆವು. ಮೊಟ್ಟೆ ಕಡೆದು ಹಾಕಿದ ಕಾಫಿಯೂ ಇದೆ. ಶನಿವಾರವಾದ್ದರಿಂದ ರತ್ನ ಅದನ್ನು ಮುಟ್ಟಲಿಲ್ಲ. ನಾನು ಕುಡಿದೆ, ಚೆನ್ನಾಗಿತ್ತು, ಹಾಗೆಂದು ಹೇಳಲಿಲ್ಲ.

ಯಾರನ್ನು ಮಾತಾಡಿಸಿದರೂ ಮೊದಲು ವಯಸ್ಸು ಕೇಳುತ್ತಾರೆ. ಅಣ್ಣನೋ, ಚಿಕ್ಕಪ್ಪನೋ, ತಾತನೋ ಎಂದು ಗೊತ್ತಾಗದೆ ಅವರಿಗೆ ಮಾತೇ ಹೊರಡುವುದಿಲ್ಲವಂತೆ. ನಮ್ಮೂರಿನಲ್ಲಿ ಯಾರ ಮನೆಯವರು, ಯಾರ ಕಡೆಯವರು ಎಂದು ಕೇಳಿ ಸಂಬಂಧ ಹಚ್ಚುವ ಹಾಗೇ. ಅಂಗಡಿಗಳಲ್ಲಿ ನೆಲದ ಮೇಲೆ ಪುಟ್ಟ ಗೂಡಿನಲ್ಲಿ ದೇವರಿರುತ್ತಾನೆ. ಮುಂದೆ ಹಣ್ಣು, ಊದುಬತ್ತಿ, ಬಿಸ್ಕತ್ ಪೊಟ್ಟಣ, ಒಂದೊಂದು ಕಡೆ ಬಿಯರ್ ಡಬ್ಬಿ. ರತ್ನ ಎಲ್ಲಾ ಗೂಡಿಗೂ ಕೈ ಮುಗಿದಳು. ದೇವರಿಗೆ ಇಷ್ಟವಾದದ್ದು ಇಡುತ್ತಾರೆ, ತಪ್ಪೇನು ಎಂದಳು.

ನನಗೆ ಮಾತ್ರ ಇದ್ಯಾವುದರಲ್ಲೂ ಮನಸ್ಸಿಲ್ಲ. ಡಬ್ಬಿಗಳನ್ನು ಕಾಫಿ ಅಂಗಡಿಯ ಮೇಜಿನ ಮೇಲೆ ಸುರಿದುಕೊಂಡು ಯಾವುದು ನೂರು, ಯಾವುದು ನಾನೂರು ಎಂದು ನೋಡುತ್ತಿದ್ದೆ. ಡಬ್ಬಿಯಿಂದ ಹೊರಗೆ ಚಾಚಿದ ಫಿಲಂ ತುದಿಗಳೆಲ್ಲ ನನ್ನ ಕಣ್ಣಿಗೆ ಒಂದೇ ಬೂದುಬಣ್ಣ. ಮೊದಲು ಇಟ್ಟ ಬೊಟ್ಟು ಯಾವುದು, ಆಮೇಲೆ ಇಟ್ಟದ್ದು ಯಾವುದು ಎಂದು ಕನ್ನಡಕ ಹಾಕಿ, ತೆಗೆದು, ಮೂಸಿ ನೋಡಿದೆ. ಗುಂಡಿಯನ್ನು ಇನ್ನೂರರಲ್ಲಿಟ್ಟರೆ ಒಂದಕ್ಕೆ ಬೆಳಕು ಸ್ವಲ್ಪ ಕಮ್ಮಿ, ಇನ್ನೊಂದಕ್ಕೆ ಸ್ವಲ್ಪ ಜಾಸ್ತಿ, ಎರಡೂ ಹೇಗೋ ಬದುಕಿಕೊಳ್ಳುತ್ತವೆ. ಊರು ಕೇರಿಯ ಫೋಟೋಗೆ ಅಷ್ಟು ಸಾಕು. ಆದರೆ ರತ್ನಳ ಫೋಟೋ? ಒಪ್ಪಿದರೆ ಜನ್ಮಕ್ಕೊಂದು ಸಲ ಒಪ್ಪಿಯಾಳು, ಅದನ್ನು ಹೇಗೋ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಸಿಟ್ಟು ನೆತ್ತಿಗೇರಿತು. ಪೂಜೆ ಪೂಜೆ ಅಂತ ನನ್ನ ಕೆಲಸವನ್ನೆಲ್ಲ ಹಾಳು ಮಾಡಿಟ್ಟೆ, ಮುಟ್ಟು ಅಂತ ನಿನಗೆ ಯಾರು ಹೇಳಿದ್ದರು ಎಂದು ಅಷ್ಟು ಜನರ ಮುಂದೆ ಕೂಗಾಡಿದೆ. ಪಕ್ಕದ ಸ್ಟೂಲಿನವರು ಭಾಷೆ ಗೊತ್ತಿಲ್ಲದಿದ್ದರೂ ಕಾಫಿ ಕೆಳಗಿಟ್ಟರು. ರತ್ನ ತಿರುಗಿ ಬೈಯುತ್ತಾಳೆ ಎಂದು ಕಾದೆ. ಅವಳು ಡಬ್ಬಿಗಳನ್ನು ಒಂದೊಂದಾಗಿ ಕವರಿಗೆ ಹಾಕಿ ನನ್ನ ಮುಂದಿಟ್ಟಳು.

"ನಾನು ಮುಟ್ಟಿದ್ರೆ ಫೋಟೋ ಬರಲ್ಲ ಅಂತ ನಂಗೂ ಗೊತ್ತು," ಅಂದಳು. "ಮರ್ತೆ. ಇನ್ಮೇಲೆ ಮುಟ್ಟಲ್ಲ."

ಅದು ಸಿಟ್ಟಿನ ಮಾತಾಗಿರಲಿಲ್ಲ. ನನಗೆ ಅರ್ಥವಾಗಲಿಲ್ಲ, ಕವರನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ.

ನಿನ್ ಬಿನ್

ಮಾರನೇ ದಿನ ಬಸ್ಸಿನಲ್ಲಿ ಎರಡು ಗಂಟೆ ದೂರದ ನಿನ್ ಬಿನ್‌ಗೆ ಕರೆದುಕೊಂಡು ಹೋದರು. ಗದ್ದೆಗಳ ನಡುವೆ ಒಂದು ಹೊಳೆ, ಎರಡೂ ಕಡೆ ನೇರವಾಗಿ ನೆಟ್ಟ ಹಾಗೆ ಕಲ್ಲುಬೆಟ್ಟಗಳು, ಒಂದೊಂದು ದೋಣಿಗೆ ಇಬ್ಬಿಬ್ಬರು. ನಮ್ಮ ದೋಣಿಯ ಹೆಂಗಸು ನನ್ನ ವಯಸ್ಸಿನವಳಿರಬೇಕು. ಹಿಂದಕ್ಕೆ ಒರಗಿ ಕೂತು, ಎರಡು ಹುಟ್ಟುಗಳನ್ನು ಎರಡು ಪಾದಗಳಲ್ಲಿ ಹಿಡಿದು, ಸೈಕಲ್ ತುಳಿದ ಹಾಗೆ ಕಾಲಲ್ಲೇ ದೋಣಿ ನಡೆಸಿದಳು. ಕೈಗಳೆರಡೂ ಖಾಲಿ. ಆ ಕೈಗಳಲ್ಲಿ ಅವಳು ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳು, ನಮಗೂ ಕೊಟ್ಟಳು. ಸಮೇತನಹಳ್ಳಿಯ ಹೆಂಗಸರು ಹರಟೆ ಹೊಡೆಯುವಾಗಲೂ ಇಷ್ಟು ಹಾಯಾಗಿ ಕೂತದ್ದು ಕಾಣೆ ಎಂದು ರತ್ನ ನಕ್ಕಳು.

ನಗು ನೋಡಿ ಧೈರ್ಯ ಬಂತು. ನಿನ್ನೆ ಏನೋ ಅಂದೆಯಲ್ಲ, ನೀನು ಮುಟ್ಟಿದರೆ ಫೋಟೋ ಬರಲ್ಲ ಅಂತ, ಏನದು ಎಂದು ಕೇಳಿದೆ.

ಅವಳು ನೀರಿಗೆ ಕೈ ಬಿಟ್ಟುಕೊಂಡು, ಊರ ಸುದ್ದಿ ಹೇಳುವ ಹಾಗೆ ಹೇಳಿದಳು. ತಿಥಿಯ ದಿನ ಅವಳ ಸೋದರತ್ತೆ, ಅಂದರೆ ನಮ್ಮ ಮಾವನವರ ತಂಗಿ, ನಾಲ್ಕು ಜನರ ಮುಂದೆ ಲೆಕ್ಕ ಹಾಕಿದಳಂತೆ. ಗಂಡುಮಕ್ಕಳ ಜೊತೆ ನಿಂತದ್ದೆಲ್ಲ ಬಂತು, ಇವಳ ಜೊತೆ ನಿಂತದ್ದು ಬರಲಿಲ್ಲ. ಇವಳ ಪಕ್ಕ ನಿಂತ ಎಂಟನೇ ದಿನಕ್ಕೆ ಅಣ್ಣ ಹೋದ. ಆ ಮುದುಕಿ ಬಾಯಿಗೆ ಬಂದದ್ದು ಆಡುತ್ತಾಳೆ ಎಂದು ರತ್ನ ಮೊದಲು ನಂಬಲಿಲ್ಲವಂತೆ. ನಾನು ಬರುವವರೆಗೂ ಕಾದಳಂತೆ.

"ನಿಮ್ಮನ್ನೇ ಕೇಳಿದ್ರಲ್ಲ ಎಲ್ರೂ," ಅಂದಳು. "ಫಿಲಂ ಚೆನ್ನಾಗಿತ್ತು, ಕ್ಯಾಮೆರಾ ಸರಿಯಾಗಿತ್ತು ಅಂದ್ರಿ. ಹಂಗಾದ್ರೆ ಸರಿಯಿಲ್ದೆ ಇದ್ದಿದ್ದು ಯಾವ್ದು? ನಾನೇ ತಾನೆ? ಅವತ್ತಿಂದ ನಾನು ಯಾರ ಪಕ್ಕದಲ್ಲೂ ನಿಂತಿಲ್ಲ. ಲತನ ಧಾರೇಲೂ ದೂರ ಹೋದೆ. ಅವಳ ಮಗೂನ ಎತ್ಕೊಂಡು ಒಂದು ಫೋಟೋ ತೆಗೆಸ್ಕೋಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ ನಿಮ್ಗೆ? ಏನಾದ್ರೂ ಆಗ್ಬಿಟ್ರೆ ಅಂತ..."

ಮೂವತ್ತೊಂದು ವರ್ಷ ನಾನು ಅದನ್ನು ಸಿಟ್ಟು ಎಂದು ತಿಳಿದಿದ್ದೆ. ಅವಳು ಹೆದರಿಕೊಂಡಿದ್ದಳು. ನನ್ನ ಅಂಗಡಿಯ ಹೆಸರು ಉಳಿಯಲಿ ಎಂದು ಆಡಿದ ಒಂದು ಮಾತು, ಅವಳು ಮಗಳ ಪಕ್ಕದಲ್ಲಿ ನಿಲ್ಲದ ಹಾಗೆ ಮಾಡಿತ್ತು. ಇನ್ನೂ ಮುಚ್ಚಿಡಲು ಆಗಲಿಲ್ಲ.

"ರತ್ನ, ಗುಂಡಿ ನಾನೂರರಲ್ಲಿತ್ತು. ಫಿಲಂ ನೂರರದು. ತಪ್ಪು ನಂದು," ಅಂದೆ. "ರೀಲು ತೊಳೆದ ದಿನಾನೇ ನಂಗೆ ಗೊತ್ತಾಗಿತ್ತು."

ಅವಳು ನನ್ನ ಮುಖ ನೋಡಿದಳು. ನೋಡಿ, ಎದ್ದು ನಿಂತಳು. ದೋಣಿ ಒಂದು ಕಡೆಗೆ ವಾಲಿತು, ದೋಣಿಯವಳು ಒಂದು ಕಾಲಲ್ಲಿ ಹುಟ್ಟು ಹಿಡಿದು ಇನ್ನೊಂದು ಕಾಲು ನೀರಿಗಿಟ್ಟು ಕೂಗಿಕೊಂಡಳು, ಕಡಲೆಕಾಯಿ ಅರ್ಧ ಹೊಳೆ ಪಾಲಾಯಿತು. ರತ್ನ ಹೆಜ್ಜೆ ಹಾಕಿಕೊಂಡು ಮುಂದಿನ ತುದಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತಳು.

"ಮೂವತ್ತೊಂದು ವರ್ಷ ರೀ," ಅಂದಳು, ಅಷ್ಟೆ.

ಮುಂದೆ ಹೊಳೆ ಬೆಟ್ಟದ ಅಡಿಯ ಗವಿಯೊಳಗೆ ನುಗ್ಗುತ್ತದೆ. ತಲೆ ಬಗ್ಗಿಸಿ ಕೂರಬೇಕು, ಮುಖಕ್ಕೆ ಮುಖ ಕಾಣದ ಕತ್ತಲು. ಆ ಕತ್ತಲಲ್ಲಿ ಅವಳು ಅಳುವುದು ಕೇಳಿಸಿತು. ಬೆಳಕಿಗೆ ಬರುವಷ್ಟರಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಾಗಿತ್ತು. ದೋಣಿಯವಳು ನನ್ನ ಕಡೆ ನೋಡಿ ತಲೆ ಆಡಿಸಿದಳು. ಅವಳಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ನನಗೆ ಕಡಲೆಕಾಯಿ ಕೊಡುವುದನ್ನಂತೂ ನಿಲ್ಲಿಸಿದಳು.

ಮತ್ತೆ ಹನೋಯ್

ಆಮೇಲೆ ಒಂದೂವರೆ ದಿನ ರತ್ನ ನನ್ನ ಜೊತೆ ನೇರ ಮಾತಾಡಲಿಲ್ಲ. ಬೇಕಾದದ್ದೆಲ್ಲ ಹರೀಶನ ಮೂಲಕ. ಹರೀಶಪ್ಪ, ಅವರಿಗೆ ಬಿಪಿ ಮಾತ್ರೆ ತಗೊಳ್ಳೋಕೆ ಹೇಳು. ಹರೀಶಪ್ಪ, ಅವರ ಕನ್ನಡಕ ಬಸ್ಸಲ್ಲೇ ಬಿಟ್ಟವ್ರೆ. ಅವನು ಪಾಪ, ಪಕ್ಕದಲ್ಲೇ ಕೂತಿದ್ದ ನನಗೆ ಎಲ್ಲವನ್ನೂ ಮತ್ತೊಮ್ಮೆ ಹೇಳುತ್ತಿದ್ದ. ಒಂದು ಸಲ ಅಭ್ಯಾಸ ಬಲದಿಂದ ಇಂಗ್ಲಿಷಿಗೆ ಅನುವಾದವನ್ನೂ ಮಾಡಿದ.

ಕೊನೆಯ ದಿನ ತಂಡದವರಿಗೆಲ್ಲ ಅಂಗಡಿ ಸುತ್ತಲು ಬಿಟ್ಟರು. ಹನೋಯ್‌ನ ಹುಡುಗರಿಗೂ ನಮ್ಮ ಬೆಂಗಳೂರಿನವರ ಹಾಗೆ ಫಿಲಂ ಹುಚ್ಚು ಹಿಡಿದಿದೆ ಎಂದು ಕೇಳಿದ್ದೆ. ಹರೀಶನ ಹತ್ತಿರ ವಿಚಾರಿಸಿ, ಒಂದು ಗಲ್ಲಿಯೊಳಗೆ, ಒಬ್ಬರು ಮಾತ್ರ ಹತ್ತಬಹುದಾದ ಮೆಟ್ಟಿಲ ಮೇಲೆ, ಕಪ್ಪುಬಿಳುಪು ಫಿಲಂ ತೊಳೆಯುವ ಜಾಗ ಹುಡುಕಿದೆ. ರತ್ನ ಹತ್ತು ಮಾರು ಹಿಂದೆ ಬಂದು ಮೆಟ್ಟಿಲ ಮೇಲೇ ಕೂತಳು. ಅದನ್ನು ನಡೆಸುವವಳು ಲಿನ್ ಎಂಬ ಮೂವತ್ತರ ಹೆಂಗಸು. ಬಾಗಿಲಲ್ಲೇ ನನ್ನ ವಯಸ್ಸು ಕೇಳಿಕೊಂಡು, ದೊಡ್ಡಪ್ಪ ಎಂದು ಕರೆಯುತ್ತೇನೆ ಎಂದು ತನ್ನ ಅರ್ಧ ಇಂಗ್ಲಿಷಿನಲ್ಲಿ ತಿಳಿಸಿದಳು. ಒಳಗೆ ಕಾಲಿಟ್ಟ ಕೂಡಲೇ ಹುಳಿಹುಳಿ ಔಷಧದ ವಾಸನೆ ಮೂಗಿಗೆ ಬಡಿಯಿತು. ಹೊಸಕೋಟೆಯ ಸಾಬರ ಕೋಣೆಯಲ್ಲೂ ಅದೇ ವಾಸನೆ.

ನನ್ನ ಅರ್ಧ ಇಂಗ್ಲಿಷಿನಲ್ಲಿ ಡಬ್ಬಿಗಳ ಕಥೆ ಹೇಳಿದೆ. ಅವಳು ಬೊಟ್ಟುಗಳನ್ನು ನೋಡಿ ನಕ್ಕು, ತನ್ನ ತೊಳೆಯುವ ತೊಟ್ಟಿಯ ಪಕ್ಕದ ಪುಟ್ಟ ದೇವರ ಗೂಡನ್ನು ತೋರಿಸಿದಳು. ಅಲ್ಲೊಂದು ಹಳೇ ಫಿಲಂ ಡಬ್ಬಿಯಲ್ಲಿ ಊದುಬತ್ತಿ ಸಿಕ್ಕಿಸಿದ್ದಳು. ಆಮೇಲೆ ಒಂದು ರೀಲನ್ನು ಬೆಳಕು ತೂರದ ಕಪ್ಪು ಚೀಲಕ್ಕೆ ಹಾಕಿ, ಒಳಗಿನಿಂದ ಗೇಣುದ್ದ ಕತ್ತರಿಸಿ, ಅಷ್ಟನ್ನೇ ತೊಳೆದಳು. ಫಿಲಮ್ಮಿನ ಅಂಚಿನಲ್ಲಿ ಕಾರ್ಖಾನೆಯವರು ಹಾಕಿದ ಅಕ್ಷರ ಮೂಡಿತು. ನಾನೂರು. ಹತ್ತು ನಿಮಿಷದ ಕೆಲಸ. ಸಾಬರು ಇದನ್ನು ನನಗೆ ಕಲಿಸಿದ್ದರು, ಡಿಜಿಟಲ್ಲಿನ ವರ್ಷಗಳಲ್ಲಿ ನಾನದನ್ನು ಪೂರ್ತಿ ಮರೆತಿದ್ದೆ. ಅದಕ್ಕಾಗಿ ಬೀದಿಯಲ್ಲಿ ಹೆಂಡತಿಯ ಮೇಲೆ ಕೂಗಾಡಿದ್ದೆ.

ರೀಲನ್ನು ಕ್ಯಾಮೆರಾಗೆ ಹಾಕಿ, ಗುಂಡಿಯನ್ನು ನಾನೂರಕ್ಕೆ ತಿರುಗಿಸಿ, ಇನ್ನೊಂದು ಸಲ ನೋಡಿದೆ. ಕಿಟಕಿಯ ಹತ್ತಿರ ಒಂದು ಬೆಂಚಿತ್ತು, ಮೆತ್ತನೆ ಬೆಳಕಿತ್ತು. ಯಾವ ಮುಖ ಇಟ್ಟುಕೊಂಡು ರತ್ನಳನ್ನು ಕರೆಯಲಿ? ಕ್ಯಾಮೆರಾದ ಲೆನ್ಸ್ ಒರೆಸುತ್ತಾ ನಿಂತೆ.

ರತ್ನ ತಾನೇ ಮೆಟ್ಟಿಲಿನಿಂದ ಎದ್ದು ಒಳಗೆ ಬಂದು ಬೆಂಚಿನ ಮೇಲೆ ಕೂತಳು. ತಲೆ ನೇವರಿಸಿಕೊಂಡಳು. ನಾನು ಕ್ಯಾಮೆರಾ ಎತ್ತಿದರೆ ಬೇಡ ಎಂದು ಕೈ ಅಡ್ಡ ಹಿಡಿದಳು.

"ಅದನ್ನ ಆ ಹುಡುಗೀಗೆ ಕೊಡಿ. ನೀವು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ," ಅಂದಳು. "ಮೊದ್ಲು ನೀವೇ. ಏನಾದ್ರೂ ಆಗೋದಿದ್ರೆ ನಿಮ್ಗೇ ಆಗ್ಲಿ."

ಡಾರ್ಕ್‌ರೂಮಿನಲ್ಲಿ ದೊಡ್ಡ ಕಾಗದ ಹಾಳಾಗದಿರಲಿ ಎಂದು ಮೊದಲು ಒಂದು ಸಣ್ಣ ಚೂರಿನ ಮೇಲೆ ಪರೀಕ್ಷೆ ಮಾಡುತ್ತೇವೆ. ಆ ಚೂರು ನಾನಾದೆ. ನ್ಯಾಯವಾಗಿಯೇ ಇತ್ತು, ಹೋಗಿ ಕೂತೆ. ಲಿನ್ ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಣಿಸಿದಳು. ರತ್ನ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು, ಕ್ಲಿಕ್ ಎಂದು ಸದ್ದಾದ ಮೇಲೂ ಬಿಡಲಿಲ್ಲ.

ಸಂಜೆಗೆ ಲಿನ್ ರೀಲು ತೊಳೆದು ಒಣಗಿಸಿ ಕೊಟ್ಟಳು. ಅಚ್ಚುಕಟ್ಟಾದ, ತುಂಬಿದ ನೆಗೆಟಿವ್. ಮೂವತ್ತೊಂದು ವರ್ಷದ ಹಿಂದೆ ಜಗಲಿಯದ್ದು ಹೀಗೆ ಬಂದಿದ್ದರೆ ಎಂದುಕೊಂಡೆ. ರತ್ನ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನೆಗೆಟಿವ್ ಅವಳಿಗೆ ಹೊಸದು.

"ನಿಮ್ಮ ಬಿಳೀ ಕೂದ್ಲೆಲ್ಲ ಕಪ್ಪಗಾಗಿದೆ," ಎಂದು ನಕ್ಕಳು. ಲಿನ್‌ಗೂ ತೋರಿಸಿ ನಕ್ಕಳು.

ಮನೆ

ಎಲ್ಲ ಸರಿಹೋಯಿತು ಎಂದುಕೊಂಡೇ ವಿಮಾನ ಇಳಿದೆ. ಊರಿಗೆ ಬಂದ ಮಾರನೇ ದಿನವೇ ಸ್ಟುಡಿಯೋಗೆ ಹೋಗಿ ದೊಡ್ಡ ಪ್ರಿಂಟು ಹಾಕಿದೆ. ರತ್ನಳ ಮುಖ ತಟ್ಟೆಯಲ್ಲಿ ಮೂಡುವುದನ್ನು ಭಾನುವಾರದ ಹುಡುಗರ ಹಾಗೆ ಬಾಯಿ ಬಿಟ್ಟುಕೊಂಡು ನೋಡಿದೆ. ಕಟ್ಟು ಹಾಕಿಸಿ ಹಜಾರದಲ್ಲಿ ತೂಗು ಹಾಕಲು ಮೊಳೆ ಹಿಡಿದು ನಿಂತರೆ, ಈಗಲೇ ಬೇಡ ಎಂದಳು. ಚಿತ್ರವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಆಮೇಲೆ ಒಂದೊಂದೇ ಗಮನಕ್ಕೆ ಬಂತು. ಸ್ಕೂಟರಿನ ಕೀ ಕಾಣುತ್ತಿಲ್ಲ. ನೀರಿನ ಟ್ಯಾಂಕು ನೋಡಲು ಮಹಡಿ ಹತ್ತುತ್ತೇನೆಂದರೆ ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಮಧ್ಯಾಹ್ನ ಒಂದು ಜೊಂಪು ಹತ್ತಿದರೆ ಸಾಕು, ಮೂಗಿನ ಹತ್ತಿರ ಯಾರದೋ ಬೆರಳು. ಸ್ಟುಡಿಯೋಗೆ ಎರಡು ಸಲ ಬಂದು, ಒಳಗೆ ಬಾರದೆ, ಬಾಗಿಲಿನಿಂದ ನೋಡಿಕೊಂಡು ಹೋದಳು. ಗುಂಡಿ, ಫಿಲಂ, ಕಾಲು ಭಾಗ ಬೆಳಕು ಎಲ್ಲವನ್ನೂ ಮತ್ತೊಮ್ಮೆ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಅರ್ಥವಾಗಿದೆ, ಅತ್ತೆ ಆಡಿದ್ದು ಸುಳ್ಳು, ನಿಮ್ಮದೇ ತಪ್ಪು ಎಂದಳು. ಆದರೂ ಇರಲಿ, ನೋಡೋಣ ಎಂದಳು.

ಮೂವತ್ತೊಂದು ವರ್ಷದ ಹೆದರಿಕೆ ನಾನು ಒಂದು ಮಾತು ಹೇಳಿದ ಮಾತ್ರಕ್ಕೆ ಹೋಗುತ್ತದೆ ಎಂದುಕೊಂಡದ್ದು ನನ್ನ ದಡ್ಡತನ. ಇನ್ನು ನಾನು ಮಾಡಬೇಕಾದದ್ದು ಒಂದೇ, ಸಾಯದೆ ಇರುವುದು. ಅಷ್ಟು ಜೋಪಾನವಾಗಿ ನಾನು ಯಾವತ್ತೂ ಬದುಕಿರಲಿಲ್ಲ. ಬಚ್ಚಲಿನಲ್ಲಿ ಗೋಡೆ ಹಿಡಿದು ನಡೆದೆ. ಬಸ್‌ಸ್ಟ್ಯಾಂಡಿನ ಬೋಂಡಾ ಬಿಟ್ಟೆ. ಕೆಮ್ಮು ಬಂದರೆ ಸ್ಟುಡಿಯೋಗೆ ಹೋಗಿ, ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು ಕೆಮ್ಮಿ ಬಂದೆ. ಫೋಟೋ ತೆಗೆದ ಏಳನೇ ದಿನ ಹೊಟ್ಟೆಯಲ್ಲಿ ಸ್ವಲ್ಪ ಉರಿ ಕಂಡಾಗ ನನಗೇ ದಿಗಿಲಾಯಿತು, ಅವಳಿಗೆ ಕಾಣದ ಹಾಗೆ ಮಜ್ಜಿಗೆ ಕುಡಿದೆ. ಸೋದರತ್ತೆ ಲೆಕ್ಕ ಹಾಕಿದ್ದ ಎಂಟನೇ ದಿನ ಅವಳು ಅಡಿಗೆಮನೆ ಬಿಟ್ಟು ಹಜಾರದಲ್ಲೇ ಕೂತು ಸೊಪ್ಪು ಸೋಸಿದಳು, ಅವರೆಕಾಯಿ ಸುಲಿದಳು, ಅಕ್ಕಿ ಆರಿಸಿದಳು. ನಾನು ಅವಳ ಕಣ್ಣೆದುರಿಗೇ ಕೂತು ಪೇಪರನ್ನು ಮೂರು ಸಲ ಓದಿದೆ.

ಒಂಬತ್ತನೇ ದಿನ ಬೆಳಗ್ಗೆ ಎದ್ದು ಜಗಲಿಯ ಮೇಲೆ ಕೂತಿದ್ದೆ. ರತ್ನ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಂದಳು. ಕಾಫಿ ಕೆಳಗಿಟ್ಟು ಫೋನನ್ನು ನನ್ನ ಕೈಗೆ ಕೊಟ್ಟಳು. ಅದು ಆಗಲೇ ರಿಂಗಾಗುತ್ತಿತ್ತು.

"ಎಂಟು ದಿನ ಕಳೀತು," ಅಂದಳು. "ಮಗೂನ ಕರ್ಕೊಂಡ್ ಬಾ ಅಂತ ಲತಂಗೆ ಹೇಳಿ. ಎತ್ಕೊಂಡು ನಿಂತ್ಕೋತೀನಿ."